ಇಬ್ಬರು ಕೂಡುವ ಯಂತ್ರ

ಇಂಜಿನಿಯರ್ ಆದವರು ಉದ್ಯಮಿಯ ಹಾಗೆ ಯೋಚಿಸಬೇಕು ಎಂಬ ವಿಷಯವನ್ನು ವಿರೋಧಿಸಿ ಮಾತಾಡಿ ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ ಗೆದ್ದಿದ್ದೆ. ಅದು ಈಗಲೂ ಗೋಕಾಕದ ನಮ್ಮ ಮನೆಯಲ್ಲಿದೆ, ಅವ್ವ ಅದರಲ್ಲಿ ಸೇಫ್ಟಿ ಪಿನ್ನು ಹಾಕಿಡುತ್ತಾಳೆ. ನನ್ನ ವಾದ ಸರಳವಾಗಿತ್ತು: ಯಂತ್ರ ಸರಿಯಾಗಿದ್ದರೆ ತಾನೇ ಮಾರಾಟವಾಗುತ್ತದೆ, ಆಗದಿದ್ದರೆ ತಪ್ಪು ಕೊಳ್ಳುವವರದು. ಎರಡನೆಯ ಮಾತಿಗೆ ಜೋರು ಚಪ್ಪಾಳೆ ಬಿದ್ದಿತ್ತು.

ನೌಕರಿ ಸಿಕ್ಕಿದ್ದು ಹುಕ್ಕೇರಿಯಲ್ಲಿ, ರೈತರ ಸಲಕರಣೆ ಮಾಡುವ ಸಣ್ಣ ವರ್ಕ್‌ಶಾಪಿನಲ್ಲಿ. ಅಲ್ಲಿ ನಾನು ಸ್ವಂತವಾಗಿ ಮಾಡಿದ ಮೊದಲ ವಿನ್ಯಾಸ ಕಬ್ಬಿನ ಕಣ್ಣು ತೆಗೆಯುವ ಯಂತ್ರ. ನರ್ಸರಿಗಳಲ್ಲಿ ಕಬ್ಬಿನ ಗಣ್ಣಿನ ಮೇಲಿನ, ಮೊಳಕೆ ಬರುವ ಕಣ್ಣನ್ನಷ್ಟೇ ಚಿಪ್ಪಿನಂತೆ ಕತ್ತರಿಸಿ, ಟ್ರೇಯಲ್ಲಿ ಇಟ್ಟು ಸಸಿ ಮಾಡುತ್ತಾರೆ. ಹೆಂಗಸರು ದಿನವಿಡೀ ಬ್ಲೇಡಿನ ಕೈಹಿಡಿಕೆ ಒತ್ತಿ ಕತ್ತರಿಸುವುದರಿಂದ ಸಂಜೆಗೆ ಭುಜ ಎತ್ತಲಾಗದು. ನನ್ನ ಯಂತ್ರಕ್ಕೆ ಪೆಡಲ್ ತುಳಿದರೆ ಸಾಕು. ನಿಂತು ಮಾಡುವ ಕೆಲಸ, ಒಬ್ಬಳೇ ಇಬ್ಬರಷ್ಟು ಮಾಡಬಹುದು. ಫಿಟ್ಟರುಗಳು ತುಳಿದು ನೋಡಿದರು, ನಾನೂ ತುಳಿದೆ. ಪ್ಯಾಂಟು ಹಾಕಿಕೊಂಡವರೆಲ್ಲ ಒಪ್ಪಿದೆವು.

“ನೀನ ಒಯ್ದು ಮಾರಿ ಬಾರವಾ,” ಅಂದರು ಮಾಲಕರು.

“ಮಾರೂದು ನನ್ನ ಕೆಲಸ ಅಲ್ರಿ. ನಾ ಇಂಜಿನಿಯರ್ ಅದೀನ್ರಿ.”

“ಅದಕ್ಕ ಹೇಳಾಕತ್ತೇನಿ. ಎಂಟು ದಿನದಾಗ ಒಂದರೆ ನರ್ಸರಿಯವರು ಬೇಕು ಅಂದ್ರ ಮುಂದ ಮಾಡೂಣು. ಇಲ್ಲಂದ್ರ ಗುಜರಿಗೆ ಹಾಕೂಣು. ನೀ ಮತ್ತ ನೇಗಿಲದ ಬೋಲ್ಟ್ ಅಳತಿ ಮಾಡಕೋಂತ ಕೂಡು.”

ಆ ಬೋಲ್ಟುಗಳನ್ನು ನಾನು ಒಂದು ವರ್ಷ ಅಳೆದಿದ್ದೆ. ಮರುದಿನವೇ ಯಂತ್ರವನ್ನು ಟೆಂಪೊದಲ್ಲಿ ಹೇರಿಕೊಂಡು ಮೂಡಲಗಿ ಹತ್ತಿರದ ಒಂದು ನರ್ಸರಿಗೆ ಹೋದೆ. ಅದರ ಮಾಲಕ ಕೆಲಸದ ಹೆಂಗಸರ ಕಡೆ ಕೈ ತೋರಿಸಿ, “ಇವರು ಹೂಂ ಅಂದ್ರ ನಂದೂ ಹೂಂ,” ಅಂದ. ಹೆಂಗಸರು ಭುಜದ ನೋವು ಹೇಳಿಕೊಂಡರು, ನಾನು ಯಂತ್ರ ಬಿಟ್ಟು ಬಂದೆ. ಮೂರನೆಯ ದಿನ ಫೋನು: ಬಂದು ಒಯ್ರಿ.

ನಾಲ್ಕು ವಾದ ಸಿದ್ಧಮಾಡಿಕೊಂಡು ಹೋದೆ. ಯಂತ್ರ ಮೂಲೆಯಲ್ಲಿತ್ತು, ಅದಕ್ಕೆ ಊಟದ ಬುತ್ತಿಗಳನ್ನು ತೂಗಹಾಕಿದ್ದರು. ಅವರಲ್ಲಿ ಹಿರಿಯಳು, ಎಲ್ಲರೂ ಕಾಕೂ ಎಂದು ಕರೆಯುವವಳನ್ನು ಹಿಡಿದೆ.

“ಕಾಕೂ, ಭುಜ ನೋಯ್ತೈತಿ ಅಂತ ನೀವ ಹೇಳಿದ್ರಿ. ಇದರಾಗ ಭುಜಕ್ಕ ಕೆಲಸನ ಇಲ್ಲ. ಮತ್ತ್ಯಾಕ ಬ್ಯಾಡ?”

“ಯಾರ ಬ್ಯಾಡ ಅಂದಾರ? ಬುತ್ತಿ ತೂಗಹಾಕಾಕ ಭಾಳ ಚಲೋ ಐತಿ ತಂಗಿ.”

ಎಲ್ಲರೂ ನಕ್ಕರು.

“ಹಂಗಲ್ರಿ, ಕಾರಣ ಹೇಳ್ರಿ. ಒಬ್ಬಾಕೀನ ಇಬ್ಬರ ಕೆಲಸ ಮಾಡಬಹುದು...”

“ಮತ್ತ ಇನ್ನೊಬ್ಬಾಕಿ ಏನ್ ಮಾಡಬೇಕ? ನಿನ್ನ ಜೋಡಿ ವಾದ ಮಾಡಬೇಕೇನು?”

ಉತ್ತರ ಸಿಗದಿದ್ದರೆ ಪ್ರಶ್ನೆಯನ್ನೇ ತಿರುಗಿಸು ಎಂದು ಚರ್ಚಾಸ್ಪರ್ಧೆಗೆ ನಮಗೆ ಕಲಿಸಿದ್ದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಕಾಕೂ ಗೋಣಿಚೀಲ ಹಾಸಿ, “ಕೂಡು, ಮೊದಲ ನೋಡು,” ಅಂದಳು.

ಅಲ್ಲಿ ಕೂತದ್ದು ಅದೇ ಮೊದಲು. ಅವರು ಜೋಡಿ ಜೋಡಿಯಾಗಿ ಎದುರುಬದುರು ಕೂಡುತ್ತಾರೆ. ಒಬ್ಬಾಕೆ ಕಬ್ಬು ಹೊರಳಿಸಿ, ಕಣ್ಣಿನ ಮೇಲೆ ಹೆಬ್ಬೆರಳು ಆಡಿಸಿ, ಜೀವ ಇದ್ದರೆ “ಹಾಂ” ಅನ್ನುತ್ತಾಳೆ. ಆಗ ಮಾತ್ರ ಇನ್ನೊಬ್ಬಾಕೆ ಹಿಡಿಕೆ ಒತ್ತುತ್ತಾಳೆ. ಕಣ್ಣು ಕೆಟ್ಟಿದ್ದರೆ ಮಾತಿಲ್ಲ, ಕಬ್ಬು ಮುಂದಕ್ಕೆ ಸರಿಯುತ್ತದೆ. ಭುಜ ಸೋತಾಗ ಕೆಲಸ ಅದಲುಬದಲು. ನನ್ನ ಯಂತ್ರದ ಮುಂದೆ ಒಬ್ಬಳೇ ನಿಂತು ಕತ್ತರಿಸಿದ್ದರಲ್ಲಿ ಸತ್ತ ಕಣ್ಣುಗಳೂ ರಾಶಿ ಬಿದ್ದಿದ್ದವು.

“ಕತ್ತರಸೂದು ಭಾಳ ಕತ್ತರಸ್ತೈತಿ ಖರೆ,” ಅಂದಳು ಕಾಕೂ. “ಆದ್ರ ಇದರಾಗ ಹುಟ್ಟೂವು ಎಷ್ಟು?”

ಅರ್ಧ ದಿನ ನಾನು ಅವಳ ಜೋಡಿಯಾಗಿ ಹಿಡಿಕೆ ಒತ್ತಿದೆ. ಮನೆಗೆ ಹೋಗಿ ತಲೆ ಬಾಚಿಕೊಳ್ಳಲು ಕೈ ಮೇಲೇಳಲಿಲ್ಲ. ಅಂದರೆ ಭುಜದ ಲೆಕ್ಕದಲ್ಲಿ ನಾನು ತಪ್ಪಿರಲಿಲ್ಲ. ಎದುರಿಗೆ ಕೂಡುವವಳನ್ನು ಮಾತ್ರ ನನ್ನ ಡ್ರಾಯಿಂಗಿನಲ್ಲಿ ಬರೆದಿರಲಿಲ್ಲ.

ಹುಕ್ಕೇರಿಗೆ ಒಯ್ದು ಯಂತ್ರದ ಕಾಲು ಕತ್ತರಿಸಿ ಗಿಡ್ಡ ಮಾಡಿಸಿದೆ. ನೆಲಮಟ್ಟದ ಎರಡು ಆಸನ, ಎರಡೂ ಬದಿಗೆ ಪೆಡಲ್, ನಡುವೆ ಬ್ಲೇಡು. “ಮಷಿನ್ ಮಾಡಾಕತ್ತೀರೋ, ಊಟದ ಮಣಿ ಮಾಡಾಕತ್ತೀರೋ?” ಅಂತ ಫಿಟ್ಟರ್ ಗೊಣಗಿದ. ಈ ಸಲ ಅವ್ವನ ಸೀರೆ ಉಟ್ಟು, ನೆಲಕ್ಕೆ ಕೂತು ತುಳಿದು ನೋಡಿದೆ. ಮಾಲಕರು ಬಾಗಿಲಲ್ಲಿ ನಿಂತು ನೋಡಿ ಹೋದರು.

‘ಉದ್ಯಮಶೀಲತೆ’ ಎಂಬ ಭಾಷಣ ಕೇಳಿದರೆ ಈಗಲೂ ನನಗೆ ಎದ್ದು ನಿಂತು ವಿರೋಧಿಸಬೇಕು ಅನ್ನಿಸುತ್ತದೆ. ಆದರೆ ಬಳಸುವವರ ಜೊತೆ ಅರ್ಧ ದಿನ ಗೋಣಿಚೀಲದ ಮೇಲೆ ಕೂಡುವುದೇ ಅದರ ಅರ್ಥ ಅಂದರೆ ನನ್ನ ತಕರಾರಿಲ್ಲ.

ಎಂಟನೆಯ ದಿನ ಮೂಡಲಗಿಯಲ್ಲಿ ಕಾಕೂ ಮತ್ತು ಅವಳ ಜೋಡಿ ಎದುರುಬದುರು ಕೂತರು. “ಹಾಂ.” ಕಟ್. “ಹಾಂ.” ಕಟ್. ಒಂದು ಟ್ರೇ ತುಂಬುವ ತನಕ ನಾನು ಬಾಯಿ ತೆಗೆಯಲಿಲ್ಲ. ನನ್ನ ಪಾಲಿಗೆ ಅದು ದಾಖಲೆ. ಕಾಕೂ ಭುಜ ತಿರುವಿ ನೋಡಿಕೊಂಡಳು.

“ಪೆಡಲಿಗೆ ರಬ್ಬರ್ ಹಚ್ಚು, ಅಂಗಾಲು ಚುಚ್ಚತೈತಿ. ಮತ್ತ ಈಗ ನಮ್ಮ ಬುತ್ತಿ ಎಲ್ಲಿ ತೂಗಹಾಕೂದು?”

“ಬಾಜೂಕ ಒಂದು ಕೊಕ್ಕಿ ಮಾಡಿ ಕೊಡ್ತೇನ್ರಿ.”

“ಹಂಗಾದ್ರ ಹೂಂ. ಬಿಟ್ಟು ಹೋಗು.”

ಹೊರಗೆ ಬಂದು ಮಾಲಕರಿಗೆ ಫೋನು ಹಚ್ಚಿದೆ. ಕೊಕ್ಕಿಯ ಅಳತೆಯನ್ನು ಆಗಲೇ ಅಂಗೈ ಮೇಲೆ ಬರೆದುಕೊಂಡಿದ್ದೆ.