ಚೇತನ್ ಕೀಬೋರ್ಡಿನ ಸ್ವಿಚ್ಚು

ನಾನು ದಿಲ್ಲಿಯ ಹಿಪ್-ಹಾಪ್ ಹುಡುಗರ ಹಾಡುಗಳಿಗೆ ಬೀಟ್ ಕಟ್ಟುವವನು. ಆರ್.ಕೆ.ಪುರಂನ ಚೇತನ್‌ದೂ ಅದೇ ಕೆಲಸ. ಡ್ರಮ್, ಬೇಸ್, ರೆಕಾರ್ಡಿಂಗ್ ಎಲ್ಲವನ್ನೂ ಒಂದೇ ಕೀಬೋರ್ಡಿನಲ್ಲಿ ಮುಗಿಸುತ್ತಿದ್ದ. ಅವನು ಬೈಕ್ ಅಪಘಾತದಲ್ಲಿ ತೀರಿಕೊಂಡ ಮೇಲೆ ಅವನ ತಂದೆ ಫೋನ್ ಮಾಡಿದರು. "ಅವನ ಕೊನೇ ಹಾಡು ಅದರಲ್ಲಿರಬೇಕು. ತೆಗೆದುಕೊಡ್ತೀಯೇನಪ್ಪಾ?"

ಹೋಗಿ ನೋಡಿದರೆ ಕೀಬೋರ್ಡಿನ ಸ್ವಿಚ್ಚು ಗೋಡೆಯಲ್ಲೇ ಆಫ್ ಆಗಿತ್ತು. ಅದು ಹಳೇ ಮಾಡೆಲ್ಲು; ಸೇವ್ ಮಾಡದೆ ಕರೆಂಟ್ ತೆಗೆದರೆ ಕಟ್ಟಿದ್ದೆಲ್ಲ ಅಳಿಸಿಹೋಗುತ್ತದೆ. ಆನ್ ಮಾಡಿದೆ. ಖಾಲಿಯಿತ್ತು.

"ಆವತ್ತು ಆನ್ ಇಟ್ಟೇ ಹೊರಗೆ ಹೋಗಿದ್ದ," ಅಂದರು ಅಂಕಲ್. "ನಾನೇ ಆರಿಸಿದೆ. ಆಫೀಸಿನಲ್ಲೂ ಫ್ಯಾನು, ಲೈಟು ಆರಿಸದೆ ಎದ್ದವನಲ್ಲ ನಾನು. ಅದರಿಂದ ಏನಾದರೂ..."

"ಇಲ್ಲ ಅಂಕಲ್. ಅವನಿನ್ನೂ ಹಾಡು ಶುರುವೇ ಮಾಡಿರಲಿಲ್ಲ."

ಅಡುಗೆಮನೆಯಿಂದ ಅವನ ತಾಯಿ, "ತಿಂಗಳಿಡೀ ಅದೇ ಧಡ್ ಧಡ್ ಕೇಳ್ತಾ ಇತ್ತಲ್ಲಪ್ಪ," ಅಂದರು.

ಕೋಣೆಯಿಂದ ಹೊರಡುವಾಗ ಅಂಕಲ್ ಕೈ ಅಭ್ಯಾಸಬಲದಿಂದ ಸ್ವಿಚ್ಚಿನ ಕಡೆ ಹೋಗಿ ಅಲ್ಲೇ ನಿಂತಿತು. ಈಗಲೂ ಅದನ್ನು ಆರಿಸಿಲ್ಲವಂತೆ. ಏನೂ ಇಲ್ಲದ ಕೀಬೋರ್ಡು ಹಗಲೂ ರಾತ್ರಿ ಆನ್ ಆಗಿಯೇ ಇದೆ. ನನ್ನ ಸುಳ್ಳನ್ನು ಅವರು ನಂಬಿದ್ದು ಅಷ್ಟೇ.