ಕೇಳಲು ನಾಚದ ಮಾಮಿ

ಮಾಮಿ ಯಾರನ್ನಾದರೂ ವಿಚಾರಿಸಲು ಕುಳಿತರೆಂದರೆ ಮೊದಲು ಅವರ ಹೆಬ್ಬೆರಳು ಬಲಗಿವಿಯ ಹಿಂದಕ್ಕೆ ಹೋಗುತ್ತಿತ್ತು. ಅಲ್ಲಿದ್ದ ಶ್ರವಣಯಂತ್ರದ ಪುಟ್ಟ ಚಕ್ರವನ್ನು ಉಗುರಿನಿಂದ ಮೇಲಕ್ಕೆ ತಿರುಗಿಸಿ, ಎರಡು ಕಡೆಯ ಮೂಗುತಿಗಳೂ ಮಿನುಗುವ ಹಾಗೆ ಮುಖವೆತ್ತಿ, "ಹ್ಞಾಂ, ಈಗ ಹೇಳು" ಎನ್ನುತ್ತಿದ್ದರು. ಯಾರಾದರೂ ಅವರನ್ನೇ ಪ್ರಶ್ನೆ ಕೇಳಹೊರಟರೆ, ಅದರಲ್ಲೂ ಮಾತ್ರೆ ನುಂಗಿದಿರಾ ಎಂದು ಚೆನ್ನೈನದೇ ವೇಲಚೇರಿಯಲ್ಲಿದ್ದ ಮಗಳು ಫೋನು ಮಾಡಿದರೆ, ಅದೇ ಚಕ್ರ ಕೆಳಕ್ಕೆ ತಿರುಗುತ್ತಿತ್ತು. "ಏನೂ ಕೇಳಿಸ್ತಿಲ್ಲ ಮಾ, ಲೈನ್ ಸರಿಯಿಲ್ಲ" ಎಂದು ಇಟ್ಟುಬಿಡುತ್ತಿದ್ದರು.

ನಾನು ತುಮಕೂರಿನಿಂದ ಚೆನ್ನೈಗೆ ಹೋದದ್ದು ಕೆಲಸಕ್ಕಾಗಿ. ಅಡ್ಯಾರಿನ ಒಂದು ಪುಟ್ಟ ಸಂಸ್ಥೆಯಲ್ಲಿ ಸಂಶೋಧಕಿಯ ಹುದ್ದೆ ಸಿಕ್ಕಿತ್ತು. ಮೈಲಾಪೂರಿನಲ್ಲಿ ಕನ್ನಡದವರ ಮನೆಯ ಮಹಡಿಯ ಮೇಲೆ ಕೋಣೆಯೊಂದು ಖಾಲಿಯಿದೆ ಎಂದು ಸಹೋದ್ಯೋಗಿಯೊಬ್ಬಳು ಹೇಳಿದಳು. ಮನೆಯೊಡತಿ ಒಬ್ಬರೇ ಇರುವ ವಯಸ್ಸಾದ ಹೆಂಗಸು, ವಿಮಾ ಕಂಪನಿಯಿಂದ ನಿವೃತ್ತರಾದವರು. ಅವರ ತಾತ ರೈಲ್ವೆ ಕೆಲಸಕ್ಕೆಂದು ಮೈಸೂರಿನಿಂದ ಬಂದು ಇಲ್ಲೇ ನೆಲೆಸಿದವರಂತೆ. ಮೂರು ತಲೆಮಾರಿನಲ್ಲಿ ಅವರ ಮನೆಯ ಕನ್ನಡಕ್ಕೆ ಧಾರಾಳವಾಗಿ ತಮಿಳು ಬೆರೆತಿತ್ತು. ಬೀದಿಗೆಲ್ಲ ಅವರು ಮಾಮಿ. ನನಗೂ ಮಾಮಿಯೇ ಆದರು.

ಕೋಣೆ ನೋಡಲು ಹೋದವಳನ್ನು ನಡುಮನೆಯಲ್ಲಿ ಕೂರಿಸಿ, ಕಾಫಿ ಕೊಟ್ಟು, ವಿಚಾರಣೆ ಶುರುಮಾಡಿದರು. ಅಪ್ಪ ಏನು ಮಾಡುತ್ತಾರೆ, ಅಮ್ಮನ ತವರು ಯಾವುದು, ಹಿಂದಿನ ಮನೆ ಯಾಕೆ ಬಿಟ್ಟೆ, ಕಲ್ಯಾಣ ಯಾವಾಗ. ಒಂದೊಂದು ಉತ್ತರ ಮುಗಿದಾಗಲೂ "ಅಪ್ಪುರಂ?" ಎನ್ನುತ್ತಿದ್ದರು. ತಮಿಳರ ಈ 'ಆಮೇಲೆ?' ಅವರ ಬಾಯಲ್ಲಿ ಕೊನೆಯಿಲ್ಲದ ಪ್ರಶ್ನೆಯಾಗಿತ್ತು. ಅಂತೂ ಕೆಲಸದ ವಿಷಯಕ್ಕೆ ಬಂದರು.

"ಮನುಷ್ಯರ ಕಳ್ಳಸಾಗಣೆ ಬಗ್ಗೆ ರಿಸರ್ಚ್ ಮಾಡ್ತೀನಿ ಮಾಮಿ," ಎಂದೆ.

"ಅಯ್ಯಯ್ಯೋ! ನೋಡಿದ್ರೆ ಒಳ್ಳೇ ಮನೆ ಪೊಣ್ಣು ಥರ ಇದ್ದೀಯೇ!"

ನಕ್ಕು ವಿವರಿಸಿದೆ. ತಾವಾಗಿಯೇ ಕಳ್ಳದಾರಿಯಲ್ಲಿ ಇನ್ನೊಂದು ದೇಶಕ್ಕೆ ಹೊರಟವರನ್ನು ಗಡಿ ದಾಟಿಸುವುದು ಒಂದು. ಕೆಲಸದ ಆಸೆ ತೋರಿಸಿ ಕರೆದೊಯ್ದು, ಕೂಡಿಹಾಕಿ ದುಡಿಸಿಕೊಳ್ಳುವುದು ಇನ್ನೊಂದು. ಎರಡೂ ಬೇರೆ ಬೇರೆ, ಆದರೆ ಎಷ್ಟೋ ಸಲ ಮೊದಲನೆಯದೆಂದು ಶುರುವಾದದ್ದು ಎರಡನೆಯದಾಗಿ ಮುಗಿಯುತ್ತದೆ ಎಂದೆ. ಮಾಮಿ ಕಾಫಿ ಲೋಟ ಕೆಳಗಿಟ್ಟು ಬೆರಳು ಮಡಿಸಿ ಎಣಿಸಿದರು.

"ಹಾಗಾದ್ರೆ ಮೊದಲನೇದ್ರಲ್ಲಿ ಸರ್ಕಾರಕ್ಕೆ ಮೋಸ. ಎರಡನೇದ್ರಲ್ಲಿ ಹೋದವರಿಗೇ ಮೋಸ. ಸರಿಯಾ?"

ಸರಿ ಎಂದೆ. ಕೋಣೆ ಸಿಕ್ಕಿತು.

ಮಾಮಿ ಕೆಲಸದಲ್ಲಿದ್ದಾಗ ನೋಡಿಕೊಳ್ಳುತ್ತಿದ್ದದ್ದು ಕ್ಲೇಮುಗಳ ವಿಭಾಗ. "ಸತ್ತ ಅಂತ ಕಾಗದ ಬಂದವನು ನಿಜವಾಗ್ಲೂ ಸತ್ತಿದ್ದಾನಾ ಅಂತ ನೋಡೋದೇ ನನ್ನ ಉದ್ಯೋಗ" ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ನಿವೃತ್ತಿಯಾದರೂ ಆ ಚಾಳಿ ಬಿಟ್ಟಿರಲಿಲ್ಲ. ಕೊರಿಯರಿನವನು, ಗ್ಯಾಸ್ ತರುವವನು, ಸೊಪ್ಪು ಮಾರುವವಳು, ಯಾರಿಗೂ ಅವರ ಬಾಗಿಲಿನಿಂದ ಸುಲಭವಾಗಿ ಬಿಡುಗಡೆಯಿರಲಿಲ್ಲ. ಬೀದಿಯಲ್ಲಿ ಯಾರ ಮನೆಗೆ ಮದುವೆಯ ಸಂಬಂಧ ಬಂದರೂ ವಿಚಾರಿಸಿ ಹೇಳುವ ಹೊಣೆ ಮಾಮಿಯದೇ. ಹುಡುಗನ ಆಫೀಸಿಗೆ ಫೋನು ಹಚ್ಚುವುದು, ಹುಡುಗನ ಮನೆಯವರು ಹಿಂದೆ ಬಾಡಿಗೆಗಿದ್ದ ಕಡೆಯ ಅಕ್ಕಪಕ್ಕದವರನ್ನು ಮಾತಾಡಿಸುವುದು, ಇದೆಲ್ಲ ಅವರಿಗೆ ಹಬ್ಬದೂಟ. ನನಗೆ ಮಾತ್ರ ರೇಗುತ್ತಿತ್ತು. ಬೇರೆಯವರನ್ನು ಪ್ರಶ್ನೆ ಕೇಳುವುದೇ ನನ್ನ ಕಸುಬಾದರೂ ನನ್ನನ್ನು ಯಾರಾದರೂ ಕೇಳಿದರೆ ಮೈ ಉರಿಯುತ್ತಿತ್ತು. ಸಂಜೆ ಬಸ್ಸಿಳಿದು ಬಂದವಳು ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಮೆಟ್ಟಿಲು ಹತ್ತುತ್ತಿದ್ದೆ. ಒಳಗಿನಿಂದ "ಬೆಕ್ಕು ಬಂತಾ?" ಎಂದು ಕೂಗು ಕೇಳುತ್ತಿತ್ತು.

ಒಂದು ಸಂಜೆ ಮಾತ್ರ ಅವರು ಏನೂ ಕೇಳಲಿಲ್ಲ. ಕಂಪ್ಯೂಟರ್ ಕೆಲಸವೆಂದು ನಂಬಿ ಹೊರದೇಶಕ್ಕೆ ಹೋಗಿ, ಫೋನಿನಲ್ಲಿ ಜನರಿಗೆ ಟೋಪಿ ಹಾಕುವ ಕೆಲಸ ಮಾಡಿಸುವವರ ಬೇಲಿಯೊಳಗೆ ಸಿಕ್ಕಿಬಿದ್ದು, ಹೇಗೋ ಮರಳಿದ ಯುವಕನೊಬ್ಬನ ಜೊತೆ ನಾನು ಅಂದು ದಿನವೆಲ್ಲ ಕುಳಿತಿದ್ದೆ. ಹೇಳಿದಷ್ಟು ಜನರನ್ನು ಬಲೆಗೆ ಕೆಡವದ ದಿನ ಊಟ ಕೊಡುತ್ತಿರಲಿಲ್ಲ ಎಂದು ಅವನು ಹೇಳಿದ್ದ. ಮನೆಗೆ ಬಂದರೆ ನನಗೆ ಅನ್ನ ಸೇರಲಿಲ್ಲ. ಮಾಮಿ ನನ್ನ ಮುಖ ನೋಡಿ, ಮೊಸರನ್ನ ಕಲಸಿ ತಂದು, ನಾನು ತಿಂದು ಮುಗಿಸುವವರೆಗೂ ಸುಮ್ಮನೆ ಎದುರಿಗೆ ಕುಳಿತಿದ್ದರು. ಅವರ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆವತ್ತು.

ಮಾಮಿಯ ಮನೆಗೆಲಸಕ್ಕೆ ಸೆಲ್ವಿ ಎಂಬುವಳು ಬರುತ್ತಿದ್ದಳು. ಅವಳ ಮಗಳು ದಿವ್ಯಾ ಬಿಕಾಂ ಮುಗಿಸಿದ್ದಳು. ಒಂದು ಬೆಳಿಗ್ಗೆ ಜಾಂಗಿರಿಯ ಡಬ್ಬಿ ಹಿಡಿದು ಬಂದಳು. ಬ್ಯಾಂಕಾಕಿನಲ್ಲಿ ಡೇಟಾ ಎಂಟ್ರಿ ಕೆಲಸ, ಇಲ್ಲಿಗಿಂತ ಎಷ್ಟೋ ಪಟ್ಟು ಸಂಬಳ, ಮುಂದಿನ ವಾರವೇ ವಿಮಾನ! ಕೆಲಸ ಕೊಡಿಸಿದವನು ಅವಳು ಕುಮಾರಣ್ಣ ಎಂದು ಕರೆಯುತ್ತಿದ್ದ ಒಬ್ಬ ಏಜೆಂಟ್. ಅವಳ ಜೊತೆಗಿನ ಮಾತೆಲ್ಲ ತಮಿಳಿನಲ್ಲೇ ನಡೆಯಿತು, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಯಾವ ವೀಸಾ?" ಎಂದೆ.

"ಈಗ ಟೂರಿಸ್ಟ್ ವೀಸಾ ಅಕ್ಕಾ. ಹೋದಮೇಲೆ ಅವರೇ ಬದಲಾಯಿಸ್ತಾರಂತೆ."

ಜಾಂಗಿರಿ ನನ್ನ ಕೈಯಲ್ಲೇ ಉಳಿಯಿತು. ಗೊತ್ತಿದ್ದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ವಿಮಾನ ನಿಲ್ದಾಣದಿಂದ ಗಾಡಿ ಹತ್ತಿಸಿ ಬೇರೆ ದೇಶದ ಗಡಿ ದಾಟಿಸುವುದು, ಬೇಲಿ, ಕಾವಲು, ಹೊಡೆತ. ಹೇಳಿದಷ್ಟೂ ಅವಳ ಮುಖ ಗಂಟಾಗುತ್ತ ಹೋಯಿತು. "ನಿಮಗೆ ಎಲ್ಲರೂ ಕಳ್ಳರ ಹಾಗೇ ಕಾಣ್ತಾರೆ ಅಕ್ಕಾ. ನಮ್ಮಂಥವರು ಮುಂದೆ ಬರೋದು ಯಾರಿಗೂ ಬೇಡ" ಎಂದಳು. ಸೆಲ್ವಿ ನನ್ನ ಕಡೆ ನೋಡದೆ ಪಾತ್ರೆ ತಿಕ್ಕುತ್ತಿದ್ದಳು. ಹುಡುಗಿ ನಮ್ಮ ಕಣ್ಣೆದುರೇ ಕೈತಪ್ಪಿ ಹೋಗುತ್ತಿದ್ದಾಳೆ ಅನ್ನಿಸಿ ನನಗೆ ಭಯವಾಯಿತು.

ಬಾಗಿಲಲ್ಲಿ ನಿಂತಿದ್ದ ಮಾಮಿ ನನ್ನನ್ನು ಕಣ್ಣಿನಲ್ಲೇ ಗದರಿಸಿ, ದಿವ್ಯಾಳ ಭುಜ ಸವರಿದರು.

"ಒಳ್ಳೇ ಸುದ್ದಿ ಕಣ್ಣಾ. ಹೋಗು, ಚೆನ್ನಾಗಿರು. ಆದ್ರೆ ನಾಳೆ ನಿನಗೊಂದು ಸಂಬಂಧ ಬಂದ್ರೆ ವಿಚಾರಿಸದೆ ಕೊಡ್ತೀವಾ? ಇದೂ ನಿನ್ನನ್ನ ಒಂದು ಮನೆಗೆ ಕಳಿಸೋದೇ ತಾನೇ. ಆ ನಿನ್ನ ಅಣ್ಣನಿಗೆ ಫೋನ್ ಹಾಕು, ಮಾತಾಡೋಣ."

ದಿವ್ಯಾ ನಗುತ್ತ ಫೋನು ಸ್ಪೀಕರಿಗೆ ಹಾಕಿದಳು. ಮಾಮಿ ಚಕ್ರ ತಿರುಗಿಸಿಕೊಂಡು, ತಾವು ಹುಡುಗಿಯ ಪಾಟಿ, ಅಂದರೆ ಅಜ್ಜಿ, ಎಂದು ಪರಿಚಯ ಹೇಳಿಕೊಂಡರು.

"ಕಂಪನಿ ಯಾರದಪ್ಪಾ? ಯಜಮಾನರ ಹೆಸರೇನು?"

"ದೊಡ್ಡ ಕಂಪನಿ ಪಾಟಿ, ತುಂಬ ಜನ ಇರ್ತಾರೆ."

"ಒಳ್ಳೇದು. ನಮ್ಮ ಹುಡುಗಿಗಿಂತ ಮುಂಚೆ ಅಲ್ಲಿಗೆ ಕಳಿಸಿದೀಯಲ್ಲ, ಅಂಥ ಒಬ್ಬಳ ನಂಬರ್ ಕೊಡು."

"ಅವರೆಲ್ಲ ಬ್ಯುಸಿ ಇರ್ತಾರೆ ಪಾಟಿ."

"ಹಾಗಾದ್ರೆ ಅವಳ ಅಮ್ಮನ ನಂಬರ್ ಕೊಡು. ಅಮ್ಮಾನೂ ಬ್ಯುಸಿನಾ?"

ದಿವ್ಯಾ ಕಿಸಕ್ಕನೆ ನಕ್ಕಳು. ಮಾಮಿ ನಗಲಿಲ್ಲ.

"ಇರಲಿ. ವಿಮಾನ ಇಳಿದಳು. ಅಪ್ಪುರಂ?"

"ಗಾಡಿ ಬರುತ್ತೆ. ಗೆಸ್ಟ್ ಹೌಸಿಗೆ ಕರ್ಕೊಂಡು ಹೋಗ್ತಾರೆ. ಏಳೆಂಟು ಗಂಟೆ ದಾರಿ."

"ಬ್ಯಾಂಕಾಕಿನ ಕೆಲಸಕ್ಕೆ ಬ್ಯಾಂಕಾಕಿನಿಂದ ಅಷ್ಟು ದೂರನಾ? ಆ ಊರ ಹೆಸರೇನು?"

ಅವನು ಕೆಮ್ಮತೊಡಗಿದ. ಮಾಮಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಅನುಮಾನವೂ ಇರಲಿಲ್ಲ. ಒಳ್ಳೆಯ ಸಂಬಂಧವೊಂದನ್ನು ಗಟ್ಟಿಮಾಡಿಕೊಳ್ಳುವ ಹಿರಿಯರ ಸಡಗರವೇ ಅದರಲ್ಲಿತ್ತು.

"ನಮ್ಮ ಅಳಿಯನ ಸ್ನೇಹಿತ ಬ್ಯಾಂಕಾಕಿನಲ್ಲೇ ಇದ್ದಾನಪ್ಪ. ಏರ್‌ಪೋರ್ಟಿಗೆ ಬಂದು, ಹುಡುಗೀನ ನೋಡಿ, ಗಾಡಿ ಹತ್ತಿಸಿ ಹೋಗ್ತಾನೆ."

ಅಂಥ ಸ್ನೇಹಿತ ಯಾರೂ ಇರಲಿಲ್ಲ. ಆದರೆ ಅವನು ತಟ್ಟನೆ "ಬೇಡ ಬೇಡ" ಎಂದ. "ಹೊರಗಿನವರು ಬಂದ್ರೆ ಕಂಪನಿಯವರು ಒಪ್ಪಲ್ಲ. ನೋಡಿ ಪಾಟಿ, ಇಷ್ಟ ಇದ್ರೆ ಕಳಿಸಿ. ಇಲ್ಲಾಂದ್ರೆ ಬೇರೆ ಹುಡುಗಿ ರೆಡಿ ಇದ್ದಾಳೆ."

ದಿವ್ಯಾಳ ನಗು ಅಷ್ಟರಲ್ಲಿ ನಿಂತಿತ್ತು. ಮಾಮಿ ಮತ್ತೆ ಬಾಯಿ ತೆರೆಯುವ ಮೊದಲೇ ಅವಳು ಫೋನಿನತ್ತ ಬಗ್ಗಿ ತಾನೇ ಕೇಳಿದಳು.

"ಅಣ್ಣಾ, ಅಲ್ಲಿ ನನ್ನ ಪಾಸ್‌ಪೋರ್ಟ್ ಯಾರ ಹತ್ರ ಇರುತ್ತೆ?"

"ಕಂಪನಿ ಹತ್ರ ಇರುತ್ತಮ್ಮಾ. ಭದ್ರವಾಗಿ."

"ನಾನು ಬೇಕು ಅಂದಾಗ ಕೊಡ್ತಾರಾ?"

ಅವನು "ಹಲೋ, ಹಲೋ" ಎನ್ನತೊಡಗಿದ. ಲೈನು ಚೆನ್ನಾಗಿಯೇ ಇತ್ತು. ದಿವ್ಯಾ ಫೋನು ಇಟ್ಟಳು.

ಸದ್ಯ ಉಳಿದಳು ಎಂದುಕೊಂಡೆ. ಆದರೆ ಅವಳು ಅಡುಗೆಮನೆಯ ಗೋಡೆಗೊರಗಿ ಕುಳಿತು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಬಚಾವಾದೆ ಎಂಬ ಸಮಾಧಾನದ ಅಳು ಅದಾಗಿರಲಿಲ್ಲ. ಬೀದಿಗೆಲ್ಲ ಸಿಹಿ ಹಂಚಿ ಆಗಿತ್ತಲ್ಲ, ಇನ್ನು ಮನೆಯಿಂದ ಹೊರಗೆ ಹೇಗೆ ಮುಖ ತೋರಿಸುವುದು ಎಂದು ಅಳುತ್ತಿದ್ದಳು. "ಬಿಡು ದಿವ್ಯಾ, ಅಷ್ಟು ದೂರ ಹೋಗೋದೇ ಬೇಡ, ಇಲ್ಲೇ ಏನಾದ್ರೂ ನೋಡೋಣ" ಎಂದೆ. ಮಾಮಿ ನನ್ನ ಮೇಲೆ ಕನ್ನಡದಲ್ಲಿ ಹರಿಹಾಯ್ದರು.

"ಹೋಗಬೇಡ ಅಂತ ಹೇಳಕ್ಕಾ ನೀನು ಇಷ್ಟು ಓದಿದ್ದು? ಅದಕ್ಕೆ ಅವಳಪ್ಪನೇ ಸಾಕು. ಒಂದು ವರನ್ ತಪ್ಪಿಹೋದ್ರೆ ಹುಡುಗಿಗೆ ಕಲ್ಯಾಣಾನೇ ಬೇಡ ಅಂತೀವಾ? ಸುಮ್ಮಾ ಹೆದರಿಸ್ಬೇಡ. ಹೇಗೆ ಹೋಗೋದು ಅಂತ ಹೇಳಿಕೊಡು."

ಆ ಮಾತು ನನಗೆ ನಾಟಿತು. ಹಳ್ಳಿಗಳಲ್ಲಿ, ಕಾಲೇಜುಗಳಲ್ಲಿ ನಾನು ಮಾಡುತ್ತಿದ್ದ ಭಾಷಣಗಳೆಲ್ಲ 'ಎಚ್ಚರ' ಎಂದು ಶುರುವಾಗಿ 'ಹೋಗಬೇಡಿ' ಎಂದು ಮುಗಿಯುತ್ತಿದ್ದವು. ಕೇಳುವವರು ಆಕಳಿಸುತ್ತಿದ್ದದ್ದು ಯಾಕೆಂದು ಈಗ ಗೊತ್ತಾಯಿತು.

ಅಂದು ಮಧ್ಯಾಹ್ನ ಊಟದ ನಂತರ ಮಾಮಿ ತಮ್ಮ ತಂಗಿಯ ವಿಷಯ ತೆಗೆದರು. "ಹುಡುಗ ದಿಲ್ಲೀಲಿ ದೊಡ್ಡ ಕೆಲಸ ಅಂದ್ರು. ಅಷ್ಟು ದೊಡ್ಡವರನ್ನ ಏನಂತ ಕೇಳೋದು ಅಂತ ಅಪ್ಪ ನಾಚ್ಕೊಂಡ್ರು. ನಾವೆಲ್ಲ ನಾಚ್ಕೊಂಡ್ವಿ. ಅವನಿಗೆ ಆಗಲೇ ಒಂದು ಸಂಸಾರ ಇತ್ತು ಮಾ." ತಂಗಿ ಮರಳಿ ಬಂದಳಂತೆ, ಆದರೆ ಮೊದಲಿನ ಹಾಗೆ ನಗಲೇ ಇಲ್ಲವಂತೆ. "ಅವತ್ತಿಂದ ನನಗೆ ಕೇಳಕ್ಕೆ ನಾಚಿಕೆ ಇಲ್ಲ. ಬೈಯೋರು ಬೈಕೊಳ್ಳಲಿ" ಎಂದರು. ಅವರ ಪ್ರಶ್ನೆಗಳಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದವಳು ಅಂದಿನಿಂದ ಚಪ್ಪಲಿಯ ಸದ್ದು ಮಾಡಿಕೊಂಡೇ ಮೆಟ್ಟಿಲು ಹತ್ತತೊಡಗಿದೆ.

ಏಜೆಂಟನ ವಿವರವನ್ನು ನಾನು ಪೊಲೀಸರಿಗೆ ತಲುಪಿಸಿದೆ. ಆಮೇಲಿನ ಕೆಲವು ತಿಂಗಳು ಮಾಮಿಯ ನಡುಮನೆ ಸಂಬಂಧ ಕುದುರಿಸುವವರ ಮನೆಯ ಹಾಗಾಗಿತ್ತು. ಸರ್ಕಾರದಲ್ಲಿ ನೋಂದಾಯಿಸಿಕೊಂಡ ಏಜೆನ್ಸಿಗಳನ್ನು ನಾನು ಹುಡುಕಿ ಕೊಡುತ್ತಿದ್ದೆ, ದಿವ್ಯಾ ಫೋನು ಮಾಡುತ್ತಿದ್ದಳು, ಮಾಮಿ ಪಕ್ಕದಲ್ಲಿ ಕುಳಿತು ಹುರುಳಿಕಾಯಿ ನಾರು ತೆಗೆಯುತ್ತ ಕೇಳಿಸಿಕೊಳ್ಳುತ್ತಿದ್ದರು. ಒಂದು ಕೆಲಸವನ್ನು ದಿವ್ಯಾಳೇ ಬೇಡವೆಂದಳು, "ಊರ ಹೆಸರು ಕೇಳಿದ್ರೆ ಕೆಮ್ಮುತ್ತಾನೆ ಮಾಮಿ" ಎಂದಳು. ಕೊನೆಗೆ ಮಸ್ಕತ್ತಿನ ಒಂದು ಕ್ಲಿನಿಕ್ಕಿನಲ್ಲಿ ಬಿಲ್ಲಿಂಗ್ ಕೆಲಸ ಸಿಕ್ಕಿತು. ಅಲ್ಲಿ ಆಗಲೇ ಕೆಲಸಕ್ಕಿದ್ದ ಮಲಯಾಳಿ ನರ್ಸೊಬ್ಬಳನ್ನು ಮಾಮಿ ತಮಿಳು, ಇಂಗ್ಲಿಷು, ಹರಕು ಮಲಯಾಳವೆಲ್ಲ ಸೇರಿಸಿ ವಿಚಾರಿಸಿಕೊಂಡರು. ವಿಚಾರಣೆ ಮುಗಿಯುವ ಹೊತ್ತಿಗೆ ಆ ನರ್ಸ್ ತನ್ನ ಅತ್ತೆಯ ಕಾಟವನ್ನೆಲ್ಲ ಮಾಮಿಯ ಮುಂದೆ ತೋಡಿಕೊಂಡಿದ್ದಳು. ದಿವ್ಯಾ ಕೆಲಸದ ವೀಸಾದಲ್ಲೇ ಹೋದಳು. ಸೆಲ್ವಿ ಬೀದಿಗೆ ಮತ್ತೊಮ್ಮೆ ಸಿಹಿ ಹಂಚಿದಳು.

ನನ್ನ ಕೆಲಸದ ರೀತಿಯೂ ಬದಲಾಯಿತು. ಈಗ ಎಲ್ಲಿ ಮಾತಾಡಲು ಹೋದರೂ ಮೊದಲು ಕೇಳುವುದು, "ನಿಮ್ಮ ಮನೇಲಿ ಅಕ್ಕನಿಗೆ ಗಂಡು ನೋಡುವಾಗ ಏನೇನು ವಿಚಾರಿಸ್ತಾರೆ?" ಎಂದು. ಹಿಂದಿನ ಬೆಂಚುಗಳೂ ಎಚ್ಚರಾಗುತ್ತವೆ. ಕುಡಿಯುತ್ತಾನಾ, ಸ್ವಂತ ಮನೆಯಾ, ಮೊದಲು ಮದುವೆಯಾಗಿತ್ತಾ, ಅತ್ತೆ ಹೇಗೆ ಎಂದು ಹುಡುಗಿಯರು ನಾಮುಂದು ತಾಮುಂದು ಎಂದು ಕೂಗುತ್ತಾರೆ. "ಏಜೆಂಟನ್ನೂ ಹೀಗೇ ಕೇಳಿ, ಕೇಳಿದ್ದಕ್ಕೆ ಕೋಪ ಬಂದರೆ ಆ ಸಂಬಂಧ ಬೇಡ" ಎನ್ನುತ್ತೇನೆ. ನನ್ನ ವರದಿಗಳಿಂದ ಯಾರಿಗೆ ಎಷ್ಟು ಉಪಕಾರವಾಗಿದೆಯೋ ನಾನು ಹೇಳಲಾರೆ. ಇದರಿಂದ ಆಗಿದೆ ಎಂಬುದು ನನಗೆ ಗೊತ್ತು, ಯಾಕೆಂದರೆ ಆ ಹುಡುಗಿಯರೇ ಫೋನು ಮಾಡಿ ಹೇಳುತ್ತಾರೆ.

ಕಳೆದ ವರ್ಷ ಮಾಮಿ ಹೋದರು. ಆಸ್ಪತ್ರೆಯ ಹಾಸಿಗೆಯಲ್ಲೂ ಎಳೆಯ ಡಾಕ್ಟರೊಬ್ಬನ ಕೈ ಹಿಡಿದು ಊರು, ಮನೆ, ಕಲ್ಯಾಣ ಎಲ್ಲ ವಿಚಾರಿಸಿ, ಅವನು ಯಾರನ್ನೋ ಪ್ರೀತಿಸುತ್ತಿರುವುದನ್ನೂ ಬಾಯಿಬಿಡಿಸಿದ್ದರು. ಮಗಳು, ಸೆಲ್ವಿ, ನಾನು ಹತ್ತಿರವೇ ಇದ್ದೆವು. ದಿವ್ಯಾಳಿಗೆ ರಜೆ ಸಿಗಲಿಲ್ಲ, ವೀಡಿಯೋದಲ್ಲಿ ನೋಡಿ ಅತ್ತಳು. ನನ್ನ ಸ್ವಂತ ಅಜ್ಜಿ ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ಮೊನ್ನೆ ದಿವ್ಯಾಳ ಫೋನು ಬಂತು. ಅವಳ ಕ್ಲಿನಿಕ್ಕಿನಲ್ಲಿ ಇನ್ನೊಂದು ಕೆಲಸ ಖಾಲಿಯಿದೆಯಂತೆ. ಚಿಕ್ಕಮ್ಮನ ಮಗಳನ್ನು ಕರೆಸಿಕೊಳ್ಳೋಣವೆಂದು ಚಿಕ್ಕಮ್ಮನಿಗೆ ಹೇಳಿದರೆ ಆಕೆ ವೀಡಿಯೋದಲ್ಲಿ ಕೂರಿಸಿಕೊಂಡು ಇವಳನ್ನೇ ತರಾಟೆಗೆ ತೆಗೆದುಕೊಂಡಳಂತೆ.

"ಸ್ವಂತ ಅಕ್ಕನ ಮಗಳು ನಾನು! ನನ್ನನ್ನೇ ಹೀಗೆ ಕೇಳಿದ್ರೆ ಹೇಗಕ್ಕಾ?" ಎಂದಳು.

"ಏನು ಕೇಳಿದ್ರು?"

"ರೂಮು ತೋರಿಸು ಅಂದ್ರು, ಅಡುಗೆಮನೆ ತೋರಿಸು ಅಂದ್ರು. ಆಮೇಲೆ, ಬಾಗಿಲ ಚಿಲಕ ಹೊರಗಡೆ ಇದೆಯಾ ಒಳಗಡೆ ಇದೆಯಾ ಅಂತ ಕೇಳಿದ್ರು."

"ನೀನೇನಂದೆ?"

"ಏನನ್ನೋದು? ಒಳಗಡೆಯಿಂದ ಹಾಕಿ, ತೆಗೆದು ತೋರಿಸಿದೆ."

ಆ ಪ್ರಶ್ನೆ ನನಗೆಂದೂ ಹೊಳೆದಿರಲಿಲ್ಲ, ಮಾಮಿಗೂ ಹೊಳೆದಿರಲಿಲ್ಲ. ಈಗ ಹೋದ ಕಡೆಯಲ್ಲೆಲ್ಲ ಅದನ್ನೂ ಕೇಳಿ ಎಂದು ಹೇಳಿಕೊಡುತ್ತೇನೆ.