ವರ್ನಾ ಕತ್ತರಿಸಿದ ಮನೆ

ಹಂಟ್ಸ್‌ವಿಲ್ಲಿನ ನಮ್ಮ ಕಂಪನಿಯಲ್ಲಿ ಬಾಹ್ಯಾಕಾಶ ನಿಲ್ದಾಣದ ಕೆಲಸ ಶುರುವಾದಾಗ, ಜನ ವಾಸಿಸುವ ಭಾಗದ ವಿನ್ಯಾಸ ವರ್ನಾ ಸ್ಟ್ರೌಡ್ ಪಾಲಿಗೆ ಬಂತು. ದೊಡ್ಡ ಕೊಳವೆಯಂಥ ಕೋಣೆಗಳನ್ನು ಒಂದೊಂದಾಗಿ ಮೇಲಕ್ಕೆ ಕಳಿಸಿ ಅಲ್ಲೇ ಜೋಡಿಸಬೇಕಿತ್ತು. ಯಂತ್ರಗಳನ್ನು ಎಲ್ಲಿ ತುರುಕುವುದೆಂದು ನಾವೆಲ್ಲ ತಲೆ ಕೆಡಿಸಿಕೊಂಡಿದ್ದರೆ, ಅವಳು ಮಾತ್ರ ಮನುಷ್ಯನಿಗೆ ಅಳು ಬಂದರೆ ಎಲ್ಲಿಗೆ ಹೋಗಬೇಕು ಎಂದು ಕೇಳುತ್ತಿದ್ದಳು. ಒಬ್ಬೊಬ್ಬರಿಗೂ ಬಾಗಿಲಿರುವ ಗೂಡು, ಎಲ್ಲರೂ ಸೇರಿ ಉಣ್ಣುವ ಮೇಜು, ಭೂಮಿ ಕಾಣುವ ಕಿಟಕಿ ನಕ್ಷೆಯಲ್ಲಿ ಬರೆದಳು. ಪ್ಲೈವುಡ್ಡಿನಲ್ಲಿ ನಿಜದ ಅಳತೆಯ ಮಾದರಿ ಕಟ್ಟಿಸಿ, ನಮ್ಮನ್ನು ಅದರೊಳಗೆ ಕೂರಿಸಿ ಮನೆಯಿಂದ ತಂದ ಕಾರ್ನ್‌ಬ್ರೆಡ್ ಹಂಚಿದಳು.

ಆಮೇಲೆ ಖರ್ಚು ಕಡಿಮೆ ಮಾಡಿ ಎಂದು ವಾಷಿಂಗ್ಟನ್ನಿನಿಂದ ವರ್ಷಕ್ಕೊಂದು ಹೊಸ ಹುಕುಂ ಬರತೊಡಗಿತು. ಮೇಲಧಿಕಾರಿ ಗಾರ್ಲಂಡ್ ಪ್ಯೂ ಬಾಗಿಲಲ್ಲಿ ನಿಂತೇ ಹೇಳಿದ:

"ಕಿಟಕಿ ಬೇಡ್ವಂತೆ, ವರ್ನಾ."

"ಬೇಡ ಅಂದೋರು ಕಿಟಕಿ ಇಲ್ದಿರೋ ರೂಮಲ್ಲಿ ಕೂತಿದಾರಾ?"

"ನೋಡು, ನೀನೇ ಕತ್ತರಿಸಿದ್ರೆ ಮಿಕ್ಕಿದ್ದಾದ್ರೂ ಉಳಿಯತ್ತೆ. ಬೇರೆಯವ್ರ ಕೈಗೆ ಹೋದ್ರೆ ಬುಡಸಮೇತ ಕಿತ್ತಾಕ್ತಾರೆ."

ಅವಳು ನಂಬಿದಳು. ಕಿಟಕಿ ಹೋಯಿತು. ಮರುವರ್ಷ ಬಾಗಿಲುಗಳು ಪರದೆಗಳಾದವು. ಮೇಜು ಮೂವರು ಮೈಗೆ ಮೈ ತಾಗಿಸಿ ನಿಲ್ಲುವಷ್ಟಾಯಿತು. ಪ್ರತಿ ಸಲವೂ ಉಳಿದದ್ದನ್ನು ಉಳಿಸಲೆಂದು ಶನಿವಾರ, ಭಾನುವಾರ ಎನ್ನದೆ ದುಡಿದಳು.

"ಆಕಾಶದಲ್ಲಿ ಯಾರೋ ಒಟ್ಟಿಗೆ ಊಟ ಮಾಡ್ಲಿ ಅಂತ ಒದ್ದಾಡ್ತೀಯಲ್ಲ, ಈ ಮನೇಲಿ ನಾವಿಬ್ರೂ ಕೂತು ಉಂಡಿದ್ದು ಯಾವಾಗ?" ಎಂದ ಗಂಡ ಲೈಲ್, ಮೊಬೀಲ್ ಊರಿನಲ್ಲಿದ್ದ ತನ್ನ ತಂಗಿಯ ಮನೆಗೆ ಹೋದವನು ಮರಳಲಿಲ್ಲ.

ಕೊನೆಗೆ ಜನ ವಾಸಿಸುವ ಆ ಕೋಣೆಯನ್ನೇ ರದ್ದು ಮಾಡಿದರು. ಪ್ಲೈವುಡ್ ಮಾದರಿಯನ್ನು ಗರಗಸದಿಂದ ಕೊಯ್ದು ಹೊರಗೆ ಹಾಕಿದರು. ಅವಳು ಬರೆದ ಪರದೆಯ ಗೂಡುಗಳು, ಮೊಂಡು ಮೇಜು ಮಾತ್ರ ಯಂತ್ರಗಳ ಸಂದಿಯಲ್ಲಿ ಸೇರಿಕೊಂಡು ಮೇಲೇರಿದವು. ಪ್ಯೂಗೆ ಬಡ್ತಿ ಸಿಕ್ಕಿತು.

ನಿಲ್ದಾಣದಲ್ಲಿದ್ದು ಬಂದ ಗಗನಯಾತ್ರಿಯೊಬ್ಬ ಕಂಪನಿಯ ಬಾರ್ಬೆಕ್ಯೂ ಊಟಕ್ಕೆ ಬಂದಿದ್ದ. "ಊಟದ ಪಕ್ಕದಲ್ಲೇ ಕಕ್ಕಸು! ಅಳೋಣ ಅಂದ್ರೂ ಒಂದು ಮೂಲೆ ಇಲ್ಲ. ಯಾವ ಪುಣ್ಯಾತ್ಮ ಮಾಡಿದ್ನೋ!" ಎಂದ. ಎಲ್ಲರೂ ನಕ್ಕರು, ಪ್ಯೂ ಎಲ್ಲರಿಗಿಂತ ಜೋರಾಗಿ.

"ನಾನೇ ಮಾಡಿದ್ದು," ಎಂದಳು ವರ್ನಾ. ತಮಾಷೆಯೆಂದುಕೊಂಡು ಆತ ಅವಳ ಬೆನ್ನು ತಟ್ಟಿದ.

ಆ ತಿಂಗಳೇ ಕೆಲಸ ಬಿಟ್ಟಳು. ಈಗ ಡೆಕೇಟರಿನಲ್ಲಿ ಒಬ್ಬಳೇ ಇದ್ದಾಳೆ. ಮೊನ್ನೆ ಹೋಗಿದ್ದಾಗ ಪ್ಯೂ ಸತ್ತ ಸುದ್ದಿ ಹೇಳಿದೆ.

"ಕಿಟಕಿ ಹೋದ ದಿನಾನೇ ಎದ್ದು ಬಂದಿದ್ರೆ, ಅವನು ಹಾಳು ಮಾಡ್ದ ಅಂತ ಬೈಕೊಂಡಿರ್ಬೋದಿತ್ತು ಕಣೋ," ಎಂದಳು. "ಕತ್ತರಿಸಿದ್ದೆಲ್ಲ ನನ್ನ ಕೈನೇ. ಅಷ್ಟೂ ಇಲ್ಲ ನಂಗೆ."